ಮೆಣಸಮ್ಮನ ಪಾರ್ಟು

ಶೀಳನೆರೆಯ ಹಾಲಿನ ಡೇರಿಗೆ ಸೋಮಮ್ಮ ಕಾರ್ಯದರ್ಶಿ. ವಯಸ್ಸು ನಲವತ್ತೆಂಟು, ಮದುವೆಯಾಗಿರಲಿಲ್ಲ. ಗಂಡು ನೋಡುವ ಕಾಲದಲ್ಲಿ ತಾಯಿಗೆ ಲಕ್ವ ಹೊಡೆಯಿತು. ಅವರನ್ನು ಎತ್ತಿ ಇಳಿಸಿ ನೋಡಿಕೊಳ್ಳುವಷ್ಟರಲ್ಲಿ ಆ ಕಾಲ ದಾಟಿಹೋಯಿತು. ತಾಯಿ ತೀರಿಕೊಂಡ ಮೇಲೂ ಅಣ್ಣ ಮರಿಸ್ವಾಮಿಯ ಮನೆಯಲ್ಲೇ ಉಳಿದಳು. ಅಲ್ಲಿ ಅವಳಿಗೆ ಯಾವ ಕೊರತೆಯೂ ಇರಲಿಲ್ಲ. ಆದರೂ ಬೆಳಗಿನ ಹಾಲು ಅಳೆದು ಕ್ಯಾನುಗಳು ವ್ಯಾನು ಹತ್ತಿದ ಮೇಲೆ ಸಂಜೆಯವರೆಗೆ ಏನು ಮಾಡುವುದು ಎಂದು ಅವಳಿಗೆ ತೋಚುತ್ತಿರಲಿಲ್ಲ. ಗುಡಿಸಿದ ಅಂಗಳವನ್ನೇ ಮತ್ತೆ ಗುಡಿಸುವಳು. ಕಬ್ಬಿನ ಗದ್ದೆಯ ಬದುವಿನ ಮೇಲೆ ಸುಮ್ಮನೆ ಹೋಗಿ ಬರುವಳು.

ಅವಳದು ದಪ್ಪ ದನಿ. ಮದುವೆಮನೆಯಲ್ಲಿ ಸೋಬಾನೆ ಎತ್ತಿದಳೆಂದರೆ ಪೆಂಡಾಲಿನ ಮೂಲೆಯಲ್ಲಿ ಇಸ್ಪೀಟು ಹಾಕುತ್ತಿದ್ದವರೂ ಕತ್ತು ತಿರುಗಿಸುತ್ತಿದ್ದರು. ಅಂಥದೊಂದು ಮದುವೆಯಲ್ಲಿ ವಿಜಯೇಂದ್ರ ಅವಳ ಹಾಡು ಕೇಳಿದ್ದು.

ವಿಜಯೇಂದ್ರ ಶ್ರೀರಂಗಪಟ್ಟಣದ ಅರ್ಚಕರ ಮನೆತನದವನು. ಕೆ.ಆರ್. ಪೇಟೆಯಲ್ಲಿ ಕಾಲೇಜು ಹುಡುಗರಿಗೆ ಇಂಗ್ಲಿಷ್ ಕಲಿಸುತ್ತಿದ್ದ. ಅವನಿಗೊಂದು ಹುಚ್ಚಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಂಗ್ಲೆಂಡಿನ ನಾಟಕಶಾಲೆಗಳಲ್ಲಿ ಆಡುತ್ತಿದ್ದ ಹಾಸ್ಯದ ಸಂಗೀತ ನಾಟಕಗಳನ್ನು ಕನ್ನಡಕ್ಕೆ ತಂದು ಆಡಿಸುವ ಹುಚ್ಚು. ಅವುಗಳಲ್ಲಿ ಮಾತಿಗಿಂತ ಹಾಡು ಹೆಚ್ಚು, ಕಥೆಗೆ ತಲೆಬುಡವಿಲ್ಲ, ಕೊನೆಗೆ ಸಿಕ್ಕಿದವರಿಗೆಲ್ಲ ಮದುವೆ. ಸುತ್ತಲಿನ ತಾಲ್ಲೂಕುಗಳ ಮೇಷ್ಟರು, ಬ್ಯಾಂಕಿನವರು, ರೈತರು ಸೇರಿ ಅವನೊಂದು ಬಳಗ ಕಟ್ಟಿದ್ದ. ಹಾರ್ಮೋನಿಯಂಗೆ ಪೌರಾಣಿಕ ನಾಟಕಗಳ ಮಂಚಯ್ಯ ಮೇಷ್ಟ್ರು. ಉಡುಪು ಮಂಡ್ಯದ ಡ್ರಾಮಾ ಸೀನರಿಯವರಿಂದ ಬಾಡಿಗೆಗೆ. ಮೊದಲ ವರ್ಷ ನಟರು ಕೆಂಪು ಕೋಟು ತೊಟ್ಟು ರಂಗಕ್ಕೆ ಬಂದಾಗ ಜನ ಹೋ ಎಂದು ಕೂಗಿ ಓಡಿಸಲು ನೋಡಿದ್ದರಂತೆ. ಈ ಸೀಮೆಯಲ್ಲಿ ಕೆಂಪು ಕೋಟಿನ ಇಂಗ್ಲಿಷರು ಬಂದರೆಂದರೆ ಶ್ರೀರಂಗಪಟ್ಟಣದ ಕೋಟೆಗೆ ಮುತ್ತಿಗೆ ಹಾಕಲೆಂದೇ ಅರ್ಥ. ಅವರೂ ಹಾಡುತ್ತಾರೆ, ಕುಣಿಯುತ್ತಾರೆ ಎಂಬುದು ಅಭ್ಯಾಸವಾಗಲು ಸ್ವಲ್ಪ ಕಾಲ ಹಿಡಿಯಿತು.

ಆ ವರ್ಷದ ನಾಟಕ ‘ನಿಟ್ಟುಸಿರಿನ ಸುಂಕ’. ಒಂದು ಬಂದರಿನಲ್ಲಿ ಒಬ್ಬ ಸುಂಕದ ಸಾಹೇಬ. ಸುಂಕ ಹಾಕಲು ಇನ್ನೇನೂ ಉಳಿಯದೆ ಕೊನೆಗೆ ಜನರ ನಿಟ್ಟುಸಿರಿಗೂ ಸುಂಕ ಹಾಕುತ್ತಾನೆ. ಪ್ರೀತಿಸುವ ಹುಡುಗ ಹುಡುಗಿಯರೆಲ್ಲ ಸಿಕ್ಕಿಬೀಳುತ್ತಾರೆ. ವಿಚಾರಣೆ ನಡೆದು, ತಪ್ಪು ಸಾಹೇಬನದೇ ಎಂದಾಗುತ್ತದೆ. ಆಗ ಜಡ್ಜು ಅವನಿಗೆ ಘೋರ ಶಿಕ್ಷೆಯೊಂದನ್ನು ವಿಧಿಸುತ್ತಾನೆ: ಮಿಸ್ ಪೆಪ್ಪರಳನ್ನು ಮದುವೆಯಾಗಬೇಕು. ಮಿಸ್ ಪೆಪ್ಪರ್ ವಯಸ್ಸಾದರೂ ಮದುವೆಯಾಗದ ಮನೆಗೆಲಸದ ಹೆಂಗಸು. ವಿಜಯೇಂದ್ರ ಅವಳನ್ನು ಮೆಣಸಮ್ಮ ಮಾಡಿದ್ದ. ಆ ಪಾರ್ಟಿಗೆ ಹೆಂಗಸಿನ ದಪ್ಪ ದನಿಯೇ ಬೇಕಿತ್ತು. ಮದುವೆಮನೆಯ ಹಾಡು ನೆನೆದು ಸೋಮಮ್ಮನನ್ನು ಕರೆದ.

ಸಾಹೇಬನ ಪಾರ್ಟು ಸಿಂಧಘಟ್ಟದ ಲೋಕೇಶಪ್ಪನದು. ಪೌರಾಣಿಕ ನಾಟಕಗಳಲ್ಲಿ ಗದೆ ಹಿಡಿದು ಮೀಸೆ ತಿರುವುತ್ತಿದ್ದ ಆಳು. ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಬಳಗದಲ್ಲಿ ಎಲ್ಲರೂ ಸೋಮಮ್ಮನನ್ನು ಅಕ್ಕ ಎಂದರೆ ಅವನೊಬ್ಬ ಮಾತ್ರ ಸೋಮಮ್ನೋರೆ ಎನ್ನುತ್ತಿದ್ದ.

ಭಾನುವಾರ ಬೆಳಗಿನ ಹಾಲು ಮುಗಿಸಿ, ಸಂಜೆಯ ಹಾಲನ್ನು ಪಕ್ಕದ ಮನೆಯ ಚಿಕ್ಕಬೋರಮ್ಮನಿಗೆ ಒಪ್ಪಿಸಿ, ಸೋಮಮ್ಮ ಪಾಂಡವಪುರದ ಬಸ್ಸು ಹತ್ತುತ್ತಿದ್ದಳು. ಅಲ್ಲೊಂದು ಕಲ್ಯಾಣ ಮಂಟಪದ ಮಹಡಿಯಲ್ಲಿ ತಾಲೀಮು. ಮೆಣಸಮ್ಮ ಕನ್ನಡಿಯ ಮುಂದೆ ನಿಂತು ತನ್ನ ನರೆಗೂದಲು, ಉದುರಿದ ಹಲ್ಲು, ಜೋತ ಗಲ್ಲವನ್ನು ಒಂದೊಂದಾಗಿ ಹಾಡಿಕೊಳ್ಳುವ ಹಾಡೊಂದಿತ್ತು. ರಾಗ ಅವಳಿಗೆ ಬಹಳ ಹಿಡಿಸಿತು. ಕೆಳಗಿನ ಸ್ವರಕ್ಕೆ ಇಳಿದು ಅಲ್ಲೇ ನಿಲ್ಲುವಾಗ ಮೈಯೆಲ್ಲ ನಡುಗಿದಂತಾಗುತ್ತಿತ್ತು. ಆ ಸುಖದಲ್ಲಿ ಮಾತಿನ ಕಡೆ ಅವಳು ಅಷ್ಟು ಗಮನ ಕೊಟ್ಟಿರಲಿಲ್ಲ.

ಗಮನ ಹೋದದ್ದು ಪಾಂಡವಪುರದ ಮೊದಲ ಪ್ರದರ್ಶನದಲ್ಲಿ. ಹಾಡು ಶುರುವಾದದ್ದೇ ಜನ ನಗತೊಡಗಿದರು. ನರೆಗೂದಲಿಗೆ ನಕ್ಕರು, ಹಲ್ಲಿಗೆ ಇನ್ನೂ ಜೋರಾಗಿ ನಕ್ಕರು. ಮುಂದಿನ ಸಾಲಿನಲ್ಲಿ ಅಣ್ಣನ ಮಗಳು ಅನು ಕಣ್ಣೊರೆಸಿಕೊಂಡು ನಗುತ್ತಿದ್ದಳು. ಕೊನೆಗೆ ಜಡ್ಜು ಗಂಟಲು ಸರಿಮಾಡಿಕೊಂಡು, “ನಿನಗೆ ಶಿಕ್ಷೆ… ಮೆಣಸಮ್ಮನ ಜೊತೆ ಮದುವೆ!” ಎಂದಾಗ ಸಭೆಯೇ ಎದ್ದು ನಿಂತಿತು. ಸಿಳ್ಳೆ ಬಿತ್ತು. ಲೋಕೇಶಪ್ಪ ಎದೆ ಹಿಡಿದುಕೊಂಡು ದೊಪ್ಪನೆ ಬಿದ್ದ. ಸೋಮಮ್ಮ ಕೈಯಲ್ಲಿ ಕಾಗದದ ಹೂವು ಹಿಡಿದು, ಹೇಳಿಕೊಟ್ಟಂತೆ ಹಲ್ಲು ಕಿಸಿದು ನಿಂತಿದ್ದಳು.

ಪರದೆ ಬಿದ್ದ ಮೇಲೆ ವಿಜಯೇಂದ್ರ ಓಡಿಬಂದು, “ಸೋಮಕ್ಕ, ಇವತ್ತಿನ ನಾಟಕ ನಿಮ್ಮದೇ” ಎಂದ. ಅವಳಿಗೆ ಖುಷಿಯೂ ಆಯಿತು. ಅಷ್ಟು ಜನ ಅವಳಿಗೆ ಎಂದೂ ಚಪ್ಪಾಳೆ ತಟ್ಟಿರಲಿಲ್ಲ. ಆದರೆ ಬಸ್ಸಿನಲ್ಲಿ ಅನುವಿನ ಪಕ್ಕ ಕೂತಾಗ ಮನಸ್ಸು ನಿಲ್ಲಲಿಲ್ಲ.

“ಅಷ್ಟೊಂದ್ ನಗ್ತಿದ್ಯಲ್ಲಮ್ಮಿ?”

“ನಿನ್ ನೋಡಿ ಅಲ್ಲ ಸೋಮತ್ತೆ. ಮೆಣಸಮ್ಮನ್ ನೋಡಿ ನಕ್ಕಿದ್ದು.”

“ಇಬ್ರುಗೂ ಒಂದೇ ಮಖ ಕಣಮ್ಮಿ” ಎಂದಳು ಸೋಮಮ್ಮ. ಅನು ಮೊಬೈಲು ತೆಗೆದಳು.

ಮರುದಿನದಿಂದ ಡೇರಿಯಲ್ಲಿ ಅವಳ ಹೆಸರೇ ಬದಲಾಯಿತು. ಹಾಲಿನ ಕ್ಯಾನು ಇಳಿಸುತ್ತ ಒಬ್ಬ, “ಲೇ, ಸಿಕ್ಸೆ ಬಂತು, ಲೈನಾಗ್ ನಿಂತ್ಕಳ್ರುಲಾ” ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ಅದರಲ್ಲಿ ದ್ವೇಷವೇನೂ ಇರಲಿಲ್ಲ. ಆದರೆ ದಿನಾ ಬೆಳಿಗ್ಗೆ ಅದೇ ಮಾತು ಕೇಳಿ ಕೇಳಿ, ಅವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಡುವಾಗ ಅವಳ ಕೈ ಬಿರುಸಾಯಿತು. ಮನೆಗೆ ಬಂದರೆ ಅಲ್ಲಿಯೂ ಕೂರಲಾಗಲಿಲ್ಲ. ಒಂದು ಮಧ್ಯಾಹ್ನ ಬಾವಿಯ ಹತ್ತಿರ ಹೊರಟವಳು ಅಲ್ಲಿ ನಿಲ್ಲದೆ ರಸ್ತೆಗೆ ಬಂದಳು. ಸಿಕ್ಕಿದ ಬಸ್ಸು ಹತ್ತಿ, ಇನ್ನೊಂದಕ್ಕೆ ಬದಲಾಯಿಸಿ ಶ್ರೀರಂಗಪಟ್ಟಣಕ್ಕೆ, ವಿಜಯೇಂದ್ರನ ಮನೆಗೆ ಹೋದಳು.

ಬಾಗಿಲು ತೆಗೆದದ್ದು ವಿಜಯೇಂದ್ರನ ತಾಯಿ ತುಳಸಮ್ಮ. “ಅಯ್ಯೋ, ಬಿಸಿಲಲ್ಲಿ ಬಂದಿದ್ದೀಯಲ್ಲಮ್ಮ, ಕೂತ್ಕೊ” ಎಂದು ಕಾಫಿಗಿಟ್ಟರು. ವಿಜಯೇಂದ್ರ ಒಳಗಿನಿಂದ ಬಂದ. ಸೋಮಮ್ಮ ಕುರ್ಚಿಯ ಬೆನ್ನು ಹಿಡಿದು ನಿಂತೇ ಕೇಳಿದಳು.

“ಮೇಷ್ಟ್ರೆ, ಆ ಕನ್ನಡಿ ಹಾಡು ಮತ್ತೆ ಸಿಕ್ಸೆ ಮಾತು, ಅವೆರಡ್ನೂ ಬದ್ಲಾಯ್ಸಕ್ಕಾಯ್ತದಾ?”

“ಯಾಕೆ ಸೋಮಕ್ಕ? ಜನ ಅದಕ್ಕೇ ಎದ್ದು ನಿಂತಿದ್ದು.”

“ಅದ್ಕೇ ಕೇಳ್ತಾ ಇರಾದು.”

ವಿಜಯೇಂದ್ರ ಅವಳಿಗೆ ಸಮಾಧಾನವಾಗಿಯೇ ವಿವರಿಸಿದ. ಈ ಜಾತಿಯ ನಾಟಕವೇ ಹೀಗೆ, ಇದರಲ್ಲಿ ಯಾರನ್ನೂ ಬಿಡುವುದಿಲ್ಲ, ಸಾಹೇಬನನ್ನು ನೋಡಿ ನಗುತ್ತಾರೆ, ಜಡ್ಜನ್ನು ನೋಡಿ ನಗುತ್ತಾರೆ, ಹಾಗೆಯೇ ಮೆಣಸಮ್ಮನನ್ನು ನೋಡಿ.

“ಸಾಯೇಬ್ರು ನಿಟ್ಟುಸ್ರಿಗೆ ಸುಂಕ ಹಾಕವ್ರೆ, ನಗ್ತಾರೆ. ಜಡ್ಜು ತೀರ್ಪು ಹೇಳೋವಾಗ ತೂಕಡಿಸ್ತಾನೆ, ನಗ್ತಾರೆ. ಮೆಣಸಮ್ಮ ಏನ್ ಮಾಡವ್ಳೆ ಮೇಷ್ಟ್ರೆ? ಅವ್ಳ್ ತಪ್ಪೇನು?”

“ನೂರೈವತ್ತು ವರ್ಷದಿಂದ ಹಾಗೇ ಇದೆ” ಎಂದ ವಿಜಯೇಂದ್ರ. “ಕೆ.ಆರ್. ಪೇಟೆ ಶೋ ಮುಂದಿನ ವಾರ. ಈಗ ಬದಲಾಯಿಸಿದರೆ ಎಲ್ಲ ಕೆಟ್ಟು ಹೋಗುತ್ತೆ. ಮುಗೀಲಿ, ನೋಡೋಣ.”

ತುಳಸಮ್ಮ ಕಾಫಿ ತಂದು, “ಎಷ್ಟು ಚೆನ್ನಾಗಿ ಹಾಡ್ತೀಯಂತಲ್ಲ, ಅದನ್ನ ಯೋಚನೆ ಮಾಡು” ಎಂದರು. ಸೋಮಮ್ಮ ನಿಂತೇ ಕಾಫಿ ಕುಡಿದು ಹೊರಟಳು.

ಆ ವಾರವೇ ಇನ್ನೊಂದು ಸಂಗತಿ ನಡೆಯಿತು. ಮರಿಸ್ವಾಮಿ ಊಟಕ್ಕೆ ಕೂತವನು ತಟ್ಟೆ ನೋಡುತ್ತಲೇ ಹೇಳಿದ: “ಸಿಂಧಘಟ್ಟದ್ ಲೋಕೇಶಪ್ಪ ನಿನ್ ವಿಚಾರ ಕೇಳವ್ನಂತೆ. ಒಳ್ಳೆ ಆಳು, ಟ್ರಾಕ್ಟರೈತೆ, ನೀರಾವರಿ ಐತೆ. ಎಂಗೂ ಸ್ಟೇಜಲ್ಲಿ ಮದ್ವೆ ಆಗೋಗೈತೆ. ಊರಲ್ಲೂ ಆಗೋದ್ರೆ ಜನದ್ ಬಾಯ್ ಮುಚ್ಚೋಯ್ತದೆ.”

“ಜನ ನಗಾದ್ ನಿಲ್ಸಕ್ಕೆ ಯಾರಾರ ಮದ್ವೆ ಆಗ್ತಾರೇನಣ್ಣ?”

“ಅಂಗಲ್ಲ ಕಣ್ಲೇ ಸೋಮಿ. ನಂಗೂ ತಲೆ ಎತ್ಕಂಡ್ ಓಡಾಡಕ್ಕಾಯ್ತಿಲ್ಲ. ಮದ್ವೆ ಆಗು, ಇಲ್ಲಾ ನಾಟ್ಕ ಬುಡು.”

ಅವಳು ಸಾರಿನ ಪಾತ್ರೆಯನ್ನು ಅಲ್ಲೇ ಇಟ್ಟು ಹಿತ್ತಿಲಿಗೆ ಹೋದಳು. ಹಸುಗಳಿಗೆ ಹುಲ್ಲು ಹಾಕಿಯೇ ಇತ್ತು. ಮತ್ತೊಂದು ಹೊರೆ ತಂದು ಹಾಕಿದಳು.

ಕೆ.ಆರ್. ಪೇಟೆಯ ಬಯಲು ರಂಗಮಂದಿರ ಆ ಸಂಜೆ ತುಂಬಿತ್ತು. ಶೀಳನೆರೆಯಿಂದ ಒಂದು ಟೆಂಪೋ ತುಂಬ ಜನ ಬಂದಿದ್ದರು. ಸಿಂಧಘಟ್ಟದವರು ಲೋಕೇಶಪ್ಪನಿಗೆ ಹೂವಿನ ಹಾರ ತಂದಿದ್ದರು. ಮರಿಸ್ವಾಮಿಯೂ ಬಂದು ಕೂತಿದ್ದ. ಸೋಮಮ್ಮ ಕನ್ನಡಿಯ ಹಾಡನ್ನು ಹಾಡಿದಳು, ಒಂದು ಅಕ್ಷರ ಬಿಡಲಿಲ್ಲ. ಜನ ನಕ್ಕರು. ಹಾಡಿನ ಕೊನೆಯಲ್ಲಿ ಕೆಳಗಿನ ಸ್ವರದಲ್ಲಿ ಎಂದಿಗಿಂತ ಹೆಚ್ಚು ಹೊತ್ತು ನಿಂತಳು. ಮಂಚಯ್ಯ ಮೇಷ್ಟ್ರು ಹಾರ್ಮೋನಿಯಂ ಮೇಲಿಂದ ತಲೆಯೆತ್ತಿ ನೋಡಿದರು.

ವಿಚಾರಣೆಯ ದೃಶ್ಯ ಬಂತು. ಜಡ್ಜಿನ ಪಾರ್ಟು ನಾಗಮಂಗಲದ ಬ್ಯಾಂಕೊಂದರಲ್ಲಿದ್ದ ಅಶೋಕನದು. ಅವನು ಹತ್ತಿಯ ಬಿಳಿಗೂದಲಿನ ಟೋಪನ್ ಸರಿಮಾಡಿಕೊಂಡು ಶಿಕ್ಷೆ ಹೇಳಿದ. ಜನ ಕಾಯುತ್ತಿದ್ದ ಮಾತು ಅದು. ಎಲ್ಲ ಕಡೆಯಿಂದ ಸಿಳ್ಳೆ ಎದ್ದಿತು. “ಸಿಕ್ಸೆ! ಸಿಕ್ಸೆ!” ಎಂದು ಶೀಳನೆರೆಯವರು ಕೂಗಿದರು. ಲೋಕೇಶಪ್ಪ ಎದೆ ಹಿಡಿದು ಬಿದ್ದ. ಮೇಳದವರು ಮದುವೆಯ ಹಾಡಿಗೆ ಉಸಿರೆಳೆದುಕೊಂಡರು.

ಸೋಮಮ್ಮ ಹೂವನ್ನು ಜಡ್ಜಿನ ಮೇಜಿನ ಮೇಲಿಟ್ಟಳು.

“ಬ್ಯಾಡ ಸ್ವಾಮಿ” ಎಂದಳು. ಮೈಕಿನಲ್ಲಿ ಆ ದನಿ ಬಯಲಿನ ಆಚೆಯವರೆಗೂ ಹೋಯಿತು. “ಅವ್ರು ತಪ್ ಮಾಡಿದ್ರೆ ಜೈಲಿಗಾಕಿ. ನಾನ್ ಜೈಲಲ್ಲ.”

ಅಶೋಕ ಕಣ್ಣು ಬಿಟ್ಟ. ಅವನ ಪಾರ್ಟಿನಲ್ಲಿ ಇದಕ್ಕೆ ಮಾತು ಬರೆದಿರಲಿಲ್ಲ. ಸೋಮಮ್ಮ ರಂಗದ ಮುಂದಿನ ಮೆಟ್ಟಿಲು ಇಳಿದು, ಕುರ್ಚಿಗಳ ನಡುವಿನ ದಾರಿಯಲ್ಲಿ, ನೆರಿಗೆಯ ಗೌನು ಎತ್ತಿ ಹಿಡಿದು ನಡೆದುಹೋದಳು. ಹಿಂದಿನ ಸಾಲಿನ ಹೆಂಗಸೊಬ್ಬಳು, “ಓಗವ್ವ ಓಗು” ಎಂದಳು. ಯಾರೋ ನಕ್ಕರು, ಯಾರೋ ಚಪ್ಪಾಳೆ ತಟ್ಟಿದರು, ಬಹಳ ಜನರಿಗೆ ಇದು ನಾಟಕವೋ ಅಲ್ಲವೋ ತಿಳಿಯಲಿಲ್ಲ.

ಮಂಚಯ್ಯ ಮೇಷ್ಟ್ರು ಒಂದೇ ಸ್ವರ ಹಿಡಿದು ಗಾಳಿ ಹೊಡೆಯುತ್ತಲೇ ಇದ್ದರು. ನೆಲದ ಮೇಲೆ ಬಿದ್ದಿದ್ದ ಲೋಕೇಶಪ್ಪ ನಿಧಾನವಾಗಿ ಎದ್ದ. ಏನು ಮಾಡುವುದೆಂದು ತೋಚದೆ, ಕೆಂಪು ಕೋಟಿನಲ್ಲೇ ಒಂದು ಕಾಲು ಮುಂದಿಟ್ಟು ಮೀಸೆಗೆ ಕೈ ಹಾಕಿ, ಪೌರಾಣಿಕ ನಾಟಕದ ಮಟ್ಟಿನಲ್ಲಿ ತನಗೆ ಬಂದ ಆಲಾಪನೆ ಎತ್ತಿದ. ಜನಕ್ಕೆ ಅದು ಗೊತ್ತಿರುವ ಸಂಗೀತ. “ಒನ್ಸ್ ಮೋರ್!” ಎಂದು ಕೂಗಿದರು. ಅವನು ಮತ್ತೆ ಹಾಡಿದ. ವಿಕ್ಟೋರಿಯಾ ರಾಣಿಯ ಕಾಲದ ನಾಟಕ ಆ ದಿನ ಹಾಗೆ ಮುಗಿಯಿತು.

ಉಡುಪು ಕಳಚಲು ಬಣ್ಣದ ಕೋಣೆಗೆ ಬಂದವಳನ್ನು ವಿಜಯೇಂದ್ರ ಬಾಗಿಲಲ್ಲೇ ತಡೆದ. “ಇದು ನಿಮ್ಮೊಬ್ಬರ ನಾಟಕ ಅಲ್ಲ ಸೋಮಕ್ಕ. ಅಷ್ಟು ಜನರನ್ನ ನಡುನೀರಲ್ಲಿ ಬಿಟ್ಟು ಹೋದಿರಲ್ಲ!”

“ಅವ್ರುನ್ ಬುಟ್ಟೋಗಿದ್ದು ತಪ್ಪೇ ಮೇಷ್ಟ್ರೆ. ಎಲ್ರುಗೂ ಕೈ ಮುಗೀತೀನಿ. ಆದ್ರೆ ಇನ್ನೊಂದ್ ಸಲ ನಿಲ್ಸುದ್ರೂ ಅದ್ನೇ ಹೇಳ್ತೀನಿ.”

“ಹಾಗಾದರೆ ನಿಲ್ಲಬೇಡಿ” ಎಂದ ವಿಜಯೇಂದ್ರ. ನಾಗಮಂಗಲದ ಪ್ರದರ್ಶನಕ್ಕೆ ಮೆಣಸಮ್ಮನ ಪಾರ್ಟು ಅವನ ವಿದ್ಯಾರ್ಥಿನಿ ಸಿಂಚನಳಿಗೆ ಹೋಯಿತು.

ಮರಿಸ್ವಾಮಿ ಮಾತು ಬಿಟ್ಟ. ತಂಗಿ ಬೇಡವೆಂದದ್ದು ನಾಟಕದ ಸಾಹೇಬನನ್ನಲ್ಲ, ಊರ ಮುಂದೆ ಸಿಂಧಘಟ್ಟದ ಲೋಕೇಶಪ್ಪನನ್ನು ಎಂದೇ ಅವನ ಲೆಕ್ಕ. ಆದರೆ ಎರಡು ದಿನ ಬಿಟ್ಟು ಬೆಳಿಗ್ಗೆ ಲೋಕೇಶಪ್ಪನೇ ಬೈಕಿನಲ್ಲಿ ಡೇರಿಯ ಹತ್ತಿರ ಬಂದ. ಹಾಲಿನವರೆಲ್ಲ ಹೋಗುವವರೆಗೆ ಹುಣಸೆಮರದ ಕೆಳಗೆ ನಿಂತಿದ್ದ.

“ಬೇಜಾರ್ ಮಾಡ್ಕಂಡ್ರಾ?” ಎಂದಳು ಸೋಮಮ್ಮ, ಕ್ಯಾನು ತೊಳೆಯುತ್ತ.

“ಇಲ್ಲ ಸೋಮಮ್ನೋರೆ. ಒನ್ಸ್ ಮೋರ್ ಬಿತ್ತು, ನಂಗ್ಯಾಕ್ ಬೇಜಾರು?” ಎಂದು ನಗಲು ನೋಡಿದ. ಆಮೇಲೆ ಬೈಕಿನ ಕನ್ನಡಿ ತಿರುಗಿಸುತ್ತ ಹೇಳಿದ: “ನಿಮ್ಮಣ್ಣಯ್ಯನ್ ತಾವ ಕೇಳಿದ್ದು ಜನ ಆಡ್ಕತಾರೆ ಅಂತ ಅಲ್ಲ. ತಾಲೀಮಲ್ಲಿ ನೀವಾಡಾವಾಗ ನಾನು ನನ್ ಪಾರ್ಟೇ ಮರ್ತೋಯ್ತಿದ್ದೆ. ಅದ್ಕೆ ಕೇಳ್ದೆ.”

ಸೋಮಮ್ಮನ ಕೈ ನಿಂತಿತು. ಅಂಥ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ತೊಳೆದ ಕ್ಯಾನನ್ನೇ ಮತ್ತೊಮ್ಮೆ ತೊಳೆದು ಬೋರಲು ಹಾಕಿದಳು.

“ಲೋಕೇಶಪ್ನೋರೆ, ನೀವ್ ಒಳ್ಳೇರು. ಆದ್ರೆ ಈ ಮನೇಲೇ ನಂಗ್ ಕೂರಕ್ಕಾಯ್ತಿಲ್ಲ. ಇನ್ನೊಂದ್ ಮನೇಲ್ ಎಂಗ್ ಕೂರ್ಲಿ? ನಂಗೇನೋ ಬೇಕು. ಏನು ಅಂತ ಕೇಳುದ್ರೆ ಹೇಳಕ್ ಬರಾಕಿಲ್ಲ.”

“ಸರಿ ಬುಡಿ” ಎಂದ ಲೋಕೇಶಪ್ಪ. ಬೈಕು ಹತ್ತಿ, ಹೊರಡುವ ಮೊದಲು, “ನಾಗಮಂಗ್ಲಕ್ ಬನ್ನಿ. ಆ ಹುಡ್ಗಿ ಎಂಗ್ ಮಾಡ್ತದೋ ನೋಡ್ಬೇಕು” ಎಂದ.

ಹೋಗುವುದಿಲ್ಲ ಎಂದುಕೊಂಡಿದ್ದಳು. ಪ್ರದರ್ಶನದ ದಿನ ಮಧ್ಯಾಹ್ನದಿಂದ ಒಳಗೂ ಹೊರಗೂ ಓಡಾಡಿ, ಕೊನೆಗೆ ಅನುವನ್ನು ಕರೆದುಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಗದ್ದೆಗಳು ಹಿಂದೆ ಸರಿದು ತೆಂಗು, ರಾಗಿಯ ಹೊಲಗಳು ಬಂದವು. ಅವಳು ಒಂದನ್ನೂ ನೋಡಲಿಲ್ಲ.

ಸಿಂಚನ ತಲೆಗೆ ಬಿಳಿ ಪೌಡರು ಬಳಿದುಕೊಂಡು, ಬೆನ್ನು ಬಗ್ಗಿಸಿ ಬಂದಳು. ಇಪ್ಪತ್ತರ ಹುಡುಗಿ ಮುದುಕಿಯಂತೆ ಕುಂಟಿದರೆ ಜನಕ್ಕೆ ಇನ್ನೂ ಸಲೀಸು. ಹೊಟ್ಟೆ ಹಿಡಿದು ನಕ್ಕರು. ಒಂದು ಕಡೆ ಸೋಮಮ್ಮನಿಗೂ ನಗು ಬಂತು. ಬಂದ ಮೇಲೆ ತನ್ನ ಮೇಲೆಯೇ ಸಿಟ್ಟಾಯಿತು. ಶಿಕ್ಷೆಯ ಮಾತು ಬಂತು, ಲೋಕೇಶಪ್ಪ ಬಿದ್ದ. ಆಗ ಸಿಂಚನ ಹೂವನ್ನು ಮೇಜಿನ ಮೇಲೆ ಎಸೆದು, ಸೊಂಟಕ್ಕೆ ಕೈ ಕೊಟ್ಟು, “ಬೇಡ ಸ್ವಾಮಿ! ನಾನು ಜೈಲಲ್ಲ!” ಎಂದು ಕೀರಲು ದನಿಯಲ್ಲಿ ಕೂಗಿ, ಸೊಂಟ ಕುಣಿಸುತ್ತ ಮೆಟ್ಟಿಲು ಇಳಿದಳು. ಸಭೆ ಬಿದ್ದು ಬಿದ್ದು ನಕ್ಕಿತು. ಹಿಂದೆಯೇ ಲೋಕೇಶಪ್ಪನ ಆಲಾಪನೆ.

“ಅತ್ತೆ, ಅದು ನಿನ್ ಮಾತಲ್ವಾ?” ಎಂದಳು ಅನು. ಈ ಸಲ ಅವಳು ನಗುತ್ತಿರಲಿಲ್ಲ.

ಸೋಮಮ್ಮ ನೆಟ್ಟಗೆ ಬಣ್ಣದ ಕೋಣೆಗೆ ಹೋದಳು. ವಿಜಯೇಂದ್ರ ಅವಳನ್ನು ಕಂಡು ಕುರ್ಚಿಯಿಂದ ಎದ್ದ. ಅವಳು ಬರಬಹುದೆಂದು ಅವನು ಎಣಿಸಿರಲಿಲ್ಲ.

“ನನ್ ಮಾತ್ನ ಅವತ್ತು ಬೈದ್ರಿ. ಇವತ್ತು ಹುಡ್ಗಿ ಬಾಯಲ್ ಹೇಳುಸ್ತೀರಿ.”

“ಹೌದು” ಎಂದ ವಿಜಯೇಂದ್ರ. “ಕೇಳದೆ ಹಾಕಿಕೊಂಡೆ, ತಪ್ಪು. ಎಷ್ಟು ಸಲ ಬರೆದರೂ ಆ ಮಾತಿಲ್ಲದೆ ಅಂಕ ಮುಗಿಯಲಿಲ್ಲ ಸೋಮಕ್ಕ. ನೀವು ಕೇಳಿದ ಪ್ರಶ್ನೆ ತಲೆಯಿಂದ ಹೋಗಲಿಲ್ಲ.”

“ಆದ್ರೆ ಅದೂ ನಗೋ ಮಾತೇ ಆಗೋಯ್ತಲ್ಲ.”

ಅವನು ತಲೆ ತಗ್ಗಿಸಿದ. ಆಮೇಲೆ, ಮೆಣಸಮ್ಮನ ಪಾರ್ಟಿಗೆ ಮತ್ತೆ ಬರುತ್ತೀರಾ ಎಂದು ಕೇಳಿದ. ಕೋಣೆಯಲ್ಲಿ ಅಶೋಕ ಟೋಪನ್ ಕಳಚುತ್ತ, ತನಗೆ ತುಮಕೂರಿಗೆ ವರ್ಗವಾಗಿದೆ, ಇನ್ನು ಬರಲಾಗುವುದಿಲ್ಲ ಎಂದು ಯಾರಿಗೋ ಹೇಳುತ್ತಿದ್ದ. ಅವಳು ಅವನ ಕಡೆ ತಿರುಗಿ ನೋಡಿದಳು.

“ಮೆಣಸಮ್ಮ ಬ್ಯಾಡ. ಜಡ್ಜು ಮಾಡ್ತೀನಿ.”

“ಅದು ಗಂಡಸಿನ ಪಾರ್ಟು.”

“ಮಂಚಯ್ಯ ಮೇಷ್ಟ್ರನ್ ಕೇಳಿ. ಅವ್ರ್ ಕಾಲ್ದಲ್ಲಿ ರಾಣಿ ಪಾರ್ಟೆಲ್ಲ ಯಾರ್ ಮಾಡ್ತಿದ್ರು?”

ಹಾರ್ಮೋನಿಯಂಗೆ ಬಟ್ಟೆ ಸುತ್ತುತ್ತಿದ್ದ ಮಂಚಯ್ಯ, “ನಾನೇ ಮಾಡಿವ್ನಿ ಕಣಪ್ಪ, ಸೀರೆ ಉಟ್ಕಂಡು” ಎಂದರು. ಸುತ್ತಲಿದ್ದವರು ನಕ್ಕರು. ವಿಜಯೇಂದ್ರ ಅಶೋಕನ ಕೈಯಿಂದ ಟೋಪನ್ ತೆಗೆದುಕೊಂಡು ಸೋಮಮ್ಮನಿಗೆ ಕೊಟ್ಟ.

ಪಾರ್ಟು ಸಿಕ್ಕಿತು. ಆದರೆ ಸಿಕ್ಕ ಮೇಲೆ ಸೋಮಮ್ಮನಿಗೆ ಹೊಸ ತಳಮಳ ಶುರುವಾಯಿತು. ಆ ಶಿಕ್ಷೆಯನ್ನು ಈಗ ತಾನೇ ಹೇಳಬೇಕು. ಮೊದಲ ತಾಲೀಮಿನಲ್ಲಿ ಹೇಳಿದಳು. ಅವಳ ದಪ್ಪ ದನಿಗೆ ಅದು ಅಶೋಕನಿಗಿಂತ ಚೆನ್ನಾಗಿ ಒಪ್ಪಿತು. ಮೇಳದವರೆಲ್ಲ ನಕ್ಕರು. ಸಿಂಚನ ಹೂವು ಹಿಡಿದು ಎದುರಿಗೆ ನಿಂತಿದ್ದಳು. ಹುಡುಗಿಯ ಮುಖ ನೋಡುತ್ತ ಸೋಮಮ್ಮ ಕುರ್ಚಿಯಿಂದ ಎದ್ದಳು.

“ಆಗಾಕಿಲ್ಲ ಮೇಷ್ಟ್ರೆ. ಬ್ಯಾರೆ ಸಿಕ್ಸೆ ಬರೀರಿ.”

ವಿಜಯೇಂದ್ರ ಬರೆದ. ಸಾಹೇಬನನ್ನು ಹಡಗಿಗೆ ಕಟ್ಟುವ ಶಿಕ್ಷೆ ಬರೆದು ಅವಳ ಮೊಬೈಲಿಗೆ ಹಾಡಿ ಕಳಿಸಿದ. ಅವಳು ಡೇರಿಯಲ್ಲಿ ಅದನ್ನು ಕಿವಿಗಿಟ್ಟುಕೊಂಡು ಕೇಳಿ, ಬೇಡವೆಂದಳು. ಉಪ್ಪು ಹೊರಿಸುವ ಶಿಕ್ಷೆ ಬಂತು, ಅದೂ ಬೇಡ. ಶ್ರೀರಂಗಪಟ್ಟಣದ ಪ್ರದರ್ಶನ ಹತ್ತಿರವಾದರೂ ನಾಟಕಕ್ಕೆ ಕೊನೆಯಿರಲಿಲ್ಲ. ಬಳಗದಲ್ಲಿ ಕೆಲವರಿಗೆ ರೇಗಿತು. ಇಬ್ಬರು ಬರುವುದನ್ನೇ ಬಿಟ್ಟರು. ಒಂದು ಸಂಜೆ, ಹಾಲು ಅಳೆಯುವಾಗ, ಚಿಕ್ಕಬೋರಮ್ಮ ಕ್ಯಾನಿನ ಮೇಲೆ ಕೈಯೂರಿ ಸೊಸೆಯ ವಿಚಾರಕ್ಕೆ ದೊಡ್ಡದೊಂದು ನಿಟ್ಟುಸಿರು ಬಿಟ್ಟಳು. ಪಕ್ಕದಲ್ಲಿದ್ದವರು ಯಾರೂ ತಿರುಗಿ ನೋಡಲಿಲ್ಲ. ಸೋಮಮ್ಮ ಕೈಯೊರೆಸಿಕೊಂಡು ವಿಜಯೇಂದ್ರನಿಗೆ ಫೋನು ಮಾಡಿದಳು.

ಶ್ರೀರಂಗಪಟ್ಟಣದಲ್ಲಿ ತುಳಸಮ್ಮ ಮುಂದಿನ ಸಾಲಿನಲ್ಲಿ ಕೂತಿದ್ದರು. ಮರಿಸ್ವಾಮಿ ಬಂದಿರಲಿಲ್ಲ, ಅನು ಬಂದಿದ್ದಳು. ಜಡ್ಜಿನ ಕರಿಕೋಟಿನಲ್ಲಿ ಸೋಮಮ್ಮ ತೀರ್ಪು ಹಾಡಿದಳು. ಸಾಹೇಬ ಒಂದು ವರ್ಷ ಬಂದರಿನಲ್ಲಿ ಸ್ಟೂಲು ಹೊತ್ತು ತಿರುಗಬೇಕು. ಊರಿನಲ್ಲಿ ಯಾರು ನಿಟ್ಟುಸಿರು ಬಿಟ್ಟರೂ ಪಕ್ಕದಲ್ಲಿ ಕೂತು, ಏನಾಯಿತು ಎಂದು ಕೇಳಬೇಕು, ಅವರು ಹೇಳಿ ಮುಗಿಸುವವರೆಗೆ ಏಳಬಾರದು.

ಹಳೆಯ ಶಿಕ್ಷೆಗೆ ಬಿದ್ದಷ್ಟು ನಗು ಇದಕ್ಕೆ ಬೀಳಲಿಲ್ಲ. ಸಿಳ್ಳೆಯೂ ಇಲ್ಲ. ಪಕ್ಕದ ಪರದೆಯ ಹಿಂದೆ ವಿಜಯೇಂದ್ರ ಉಗುರು ಕಚ್ಚುತ್ತಿದ್ದ. ಲೋಕೇಶಪ್ಪ ಸ್ಟೂಲು ಎತ್ತಿಕೊಂಡು ಮೇಳದವರ ಹತ್ತಿರ ಒಬ್ಬೊಬ್ಬರಾಗಿ ಹೋಗಿ ಕೂತ. ಕೊನೆಗೆ ಮೆಣಸಮ್ಮನ ಹತ್ತಿರ ಬಂದ. ಸಿಂಚನ ಕುಣಿಯಲಿಲ್ಲ, ಬೆನ್ನು ಬಗ್ಗಿಸಲಿಲ್ಲ. ನಿಟ್ಟುಸಿರು ಬಿಟ್ಟಳು. “ಏನಾಯ್ತಮ್ಮ?” ಎಂದ ಸಾಹೇಬ. ಆಗ ಹೊಸ ಮಾತಿನ ಕನ್ನಡಿ ಹಾಡು ಶುರುವಾಯಿತು. ಕೆಳಗಿನ ಸ್ವರ ಹುಡುಗಿಗೆ ಎಟುಕಲಿಲ್ಲ, ದನಿ ಒಡೆಯಿತು. ಆದರೂ ಜನ ಕೇಳಿದರು.

ನಾಟಕ ಮುಗಿದ ಮೇಲೆ ತುಳಸಮ್ಮ, “ಮೊದಲಿನದೇ ಚೆನ್ನಾಗಿತ್ತು ಅಂತಾರೆ ಕೆಲವರು. ನನಗೆ ಇದೇ ಹಿಡಿಸಿತು” ಎಂದು ಸೋಮಮ್ಮನ ಕೈ ಹಿಡಿದುಕೊಂಡರು. ವಿಜಯೇಂದ್ರ ಆಗಲೇ ಮುಂದಿನ ವರ್ಷದ ನಾಟಕದ ಕಥೆ ಹೇಳಲು ಶುರುಮಾಡಿದ್ದ. ಸೋಮಮ್ಮ ಅರ್ಧ ಕೇಳಿದಳು. ಕೋಟು ಕಳಚಿ ಅನುವಿನ ಕೈಗೆ ಕೊಟ್ಟು, ಬೆಳಿಗ್ಗೆ ಹಾಲಿಗೆ ಹೋಗಬೇಕಾದ್ದನ್ನು ನೆನೆಸಿಕೊಂಡು, ಸೆರಗು ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದಳು. ಅನು ಹಿಂದಿನಿಂದ, “ನಿಧಾನ ಅತ್ತೆ!” ಎಂದು ಕೂಗುತ್ತ ಓಡಿಬಂದಳು.